ಶೇಕ್ ಆಗಿದೆ ಅಂದಿರಲ್ಲ, ಅಪ್ಪ

ಲಂಡನ್

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು.

ಅಮ್ಮನ ಮಂಡಿನೋವು ಕಡಿಮೆಯಾಗಿದೆ ಎಂದು ಕೇಳಿ ಸಮಾಧಾನವಾಯಿತು. ಮಳೆ ಹಿಡಿಯುವ ಮೊದಲು ಮೆಟ್ಟಿಲು ಹತ್ತಿ ಇಳಿಯುವುದನ್ನು ಅವಳು ಸ್ವಲ್ಪ ಬಿಡಲಿ.

ನಾನು ಕಳಿಸಿದ ಫೋಟೊ ಪುಸ್ತಕ ತಲುಪಿದ ಮೇಲೆ ನೀವು ಹೇಳಿದ್ದು ಎರಡೇ ಮಾತು. “ಇದು ಶೇಕ್ ಆಗಿದೆ ಮಗಾ, ಫೋಕಸ್ಸೂ ಇಲ್ಲ. ನಾನಾಗಿದ್ದರೆ ಗಿರಾಕಿಯನ್ನ ಮತ್ತೆ ಕೂರಿಸಿ ಇನ್ನೊಂದು ತೆಗೀತಿದ್ದೆ.” ಸಾಗರದ ಪೇಟೆಯ ಫೋಟೊ ಸ್ಟುಡಿಯೋದಲ್ಲಿ ಇಡೀ ಆಯುಷ್ಯ ಜನರ ಮುಖ ನೋಡಿದವರ ಮಾತು ಅದು. ಸುಮ್ಮನೆ ಹೂಂ ಅಂದು ಬಿಡುವಂಥದ್ದಲ್ಲ. ಆ ಚಿತ್ರಗಳು ಏಕೆ ಹಾಗಿವೆ, ನನಗೆ ಏಕೆ ಅಷ್ಟು ಬೇಕಾದವು, ಎಲ್ಲಿ ನನಗೂ ಮುಳ್ಳು ಚುಚ್ಚುತ್ತದೆ, ಎಲ್ಲವನ್ನೂ ನಿಮಗೆ ಸಾವಕಾಶವಾಗಿ ಬರೆಯಬೇಕು ಅನ್ನಿಸಿತು.

ಅವನ್ನು ತೆಗೆದವರು ಜೂಲಿಯಾ ಮಾರ್ಗರೆಟ್ ಕ್ಯಾಮರನ್. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ತಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಗಂಡ ಚಾರ್ಲ್ಸ್ ಹೇ ಕ್ಯಾಮರನ್ ಕಾನೂನು ಪಂಡಿತರು, ಹೆಂಡತಿಗಿಂತ ಇಪ್ಪತ್ತು ವರ್ಷ ದೊಡ್ಡವರು. 1848ರಲ್ಲಿ ಸಂಸಾರ ಇಂಗ್ಲೆಂಡಿಗೆ ಬಂತು. 1860ರಲ್ಲಿ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ, ಕವಿ ಟೆನಿಸನ್ ಅವರ ನೆರೆಯಲ್ಲಿ, ಮನೆ ಮಾಡಿತು. 1863ರ ಡಿಸೆಂಬರಿನಲ್ಲಿ ಮಗಳು ಅಳಿಯ ಸೇರಿ ಅವರಿಗೊಂದು ಕ್ಯಾಮೆರಾ ಕೊಟ್ಟರು. ಆಗ ಅವರಿಗೆ 48 ವರ್ಷ. ಮಕ್ಕಳು ಬೆಳೆದಿದ್ದರು, ಗಂಡ ಸಿಲೋನಿನ ಕಾಫಿ ತೋಟ ನೋಡಿಕೊಳ್ಳಲು ಹೋಗಿದ್ದರು. ಯಾವ ಸ್ಟುಡಿಯೋದಲ್ಲೂ ಕೆಲಸ ಕಲಿತವರಲ್ಲ. ಕಲ್ಲಿದ್ದಲು ತುಂಬುವ ಕೋಣೆಯನ್ನು ಡಾರ್ಕ್ ರೂಮ್ ಮಾಡಿದರು, ಕೋಳಿಗೂಡಿಗೆ ಗಾಜು ಹಾಕಿ ಸ್ಟುಡಿಯೋ ಮಾಡಿದರು. ಮರುತಿಂಗಳು ಆ್ಯನಿ ಎಂಬ ಪುಟ್ಟ ಹುಡುಗಿಯ ಚಿತ್ರ ಸರಿಯಾಗಿ ಬಂದಾಗ, ಈ ಮಗುವಿಗೆ ಏನಾದರೂ ಕೊಡಬೇಕಲ್ಲ ಎಂದು ಮನೆಯೆಲ್ಲ ಓಡಾಡಿ ಹುಡುಕಿದರಂತೆ. ಆ ಚಿತ್ರವನ್ನು ಅವರು ತಮ್ಮ ಮೊದಲ ಗೆಲುವು ಎಂದು ಕರೆದರು.

ಕೆಲಸ ಹೇಗಿತ್ತು ಎಂಬುದು ಓದಿದವರಿಗಿಂತ ನಿಮ್ಮ ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಫಿಲಂ ಇರಲಿಲ್ಲ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಬಳಕೆಗೆ ತಂದ ಹಸಿ ಕೊಲೋಡಿಯನ್ ವಿಧಾನ. ಗಾಜಿನ ಪ್ಲೇಟನ್ನು ತೊಳೆದು ಒರೆಸಿ, ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ನಾಲ್ಕೂ ಮೂಲೆಗೆ ಹರಿಯುವಂತೆ ಓಲಾಡಿಸಬೇಕು. ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ಅದ್ದಬೇಕು. ಹಸಿಯಾಗಿರುವಾಗಲೇ ಕ್ಯಾಮೆರಾಕ್ಕೆ ಸೇರಿಸಿ, ಚಿತ್ರ ತೆಗೆದು, ಒಣಗುವುದರೊಳಗೆ ಡೆವಲಪ್ ಮಾಡಿಬಿಡಬೇಕು. ಬೆರಳು, ಉಡುಪು, ಮೇಜಿನ ಬಟ್ಟೆ ಎಲ್ಲ ಕಪ್ಪು. ಅವರು ದೊಡ್ಡದು ಮಾಡದೆ ಪ್ಲೇಟಿನಿಂದ ನೇರವಾಗಿ ಪ್ರಿಂಟ್ ತೆಗೆಯುತ್ತಿದ್ದುದರಿಂದ ಪ್ಲೇಟ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ. ಶುರುವಿನಲ್ಲಿ ಅವರ ಪ್ಲೇಟು 9 ಇಂಚಿಗೆ 11 ಇಂಚು. ಸ್ವಲ್ಪ ಕಾಲದ ಮೇಲೆ 12ಕ್ಕೆ 15 ಇಂಚಿನ ದೊಡ್ಡ ಕ್ಯಾಮೆರಾ ಹಿಡಿದರು. ಅಷ್ಟು ದೊಡ್ಡ ಪ್ಲೇಟಿನ ತುಂಬ ಒಂದೇ ಮುಖ! ಕೆಲವು ಪ್ರಿಂಟುಗಳ ಕೆಳಗೆ, ಇದು ಎದುರಿಗಿದ್ದ ಮನುಷ್ಯರನ್ನೇ ಕೂರಿಸಿ ತೆಗೆದದ್ದು, ದೊಡ್ಡದು ಮಾಡಿದ್ದಲ್ಲ ಎಂದು ಅವರೇ ಕೈಯಾರೆ ಬರೆದಿದ್ದಾರೆ.

ಈಗ ಲೆಕ್ಕ ಹಾಕಿ. ಲೆನ್ಸು ಮುಖಕ್ಕೆ ಅಷ್ಟು ಹತ್ತಿರ, ಪ್ಲೇಟು ಅಷ್ಟು ದೊಡ್ಡದು, ಬೆಳಕು ಬೇಕೆಂದೇ ಕಡಿಮೆ. ಕಣ್ಣಿಗೆ ಫೋಕಸ್ ಮಾಡಿದರೆ ಕಿವಿ ಹೋಯಿತು, ಕಿವಿಗೆ ಮಾಡಿದರೆ ಮೂಗು ಹೋಯಿತು. ಒಂದೊಂದು ಎಕ್ಸ್‌ಪೋಷರಿಗೆ ಮೂರರಿಂದ ಏಳು ನಿಮಿಷ. ಅಷ್ಟು ಹೊತ್ತು ಉಸಿರಾಡದೆ ಇರುವ ಮನುಷ್ಯ ಎಲ್ಲಿದ್ದಾನೆ? ಆದ್ದರಿಂದ ನೀವು ಹೇಳಿದ್ದು ಸರಿ, ಶೇಕ್ ಆಗಿದೆ. ಆದರೆ ಇದು ಬರೀ ಸಾಧನದ ಮಿತಿಯೂ ಅಲ್ಲ. ತಿರುಪನ್ನು ತಿರುಗಿಸುತ್ತ ಹೋಗಿ, ಕಣ್ಣಿಗೆ ಚೆಂದ ಕಂಡ ಕಡೆ ತಾವು ನಿಲ್ಲಿಸಿಬಿಡುತ್ತಿದ್ದುದಾಗಿ, ಉಳಿದವರ ಹಾಗೆ ಇನ್ನೂ ಮುಂದಕ್ಕೆ ತಿರುಗಿಸಿ ಶಾರ್ಪ್ ಮಾಡಲಿಲ್ಲವೆಂದು ಅವರು ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಇಂಥದೇ ಸರಿಯಾದ ಫೋಕಸ್ ಎಂದು ನಿರ್ಣಯಿಸುವ ಹಕ್ಕು ಯಾರಿಗಿದೆ ಎಂದು 1864ರ ಕೊನೆಯಲ್ಲಿ ಒಬ್ಬ ಹಿರಿಯ ಗೆಳೆಯರಿಗೆ ಕಾಗದ ಬರೆದು ಕೇಳಿದ್ದರು.

ಆ ಗೆಳೆಯರು ಯಾರು ಗೊತ್ತೇ? ಸರ್ ಜಾನ್ ಹರ್ಷೆಲ್, ಖಗೋಳ ವಿಜ್ಞಾನಿ. ನಿಮ್ಮ ಡಾರ್ಕ್ ರೂಮಿನ ಮೂರನೇ ಟ್ರೇಯಲ್ಲಿ ಇರುತ್ತಿದ್ದ ಹೈಪೊ, ಅದು ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆಂದು 1819ರಲ್ಲೇ ಕಂಡುಕೊಂಡವರು. 1839ರಲ್ಲಿ ಫೋಟೊಗ್ರಫಿ ಹುಟ್ಟಿದಾಗ, ಚಿತ್ರ ಬೆಳಕಿಗೆ ಮತ್ತೆ ಕಪ್ಪಾಗದಂತೆ ನಿಲ್ಲಿಸಲು ಅದನ್ನೇ ಬಳಸಬಹುದೆಂದು ತೋರಿಸಿಕೊಟ್ಟವರು. ಸಣ್ಣವಳಾಗಿದ್ದಾಗ ನಿಮ್ಮ ಕೆಂಪು ದೀಪದ ಕೋಣೆಯಲ್ಲಿ ಮೂಗು ಮುಚ್ಚಿಕೊಂಡು ನಿಲ್ಲುತ್ತಿದ್ದೆನಲ್ಲ, ಆ ವಾಸನೆಯ ಮೂಲಪುರುಷರು ಅವರು. ಕ್ಯಾಮರನ್ ಕಲ್ಕತ್ತೆಯಲ್ಲಿದ್ದ ಕಾಲದಲ್ಲೇ ಈ ಹೊಸ ವಿದ್ಯೆಯ ಸುದ್ದಿಯನ್ನೂ ಮಾದರಿ ಚಿತ್ರಗಳನ್ನೂ ಹಡಗಿನ ಅಂಚೆಯಲ್ಲಿ ಕಳಿಸಿಕೊಟ್ಟಿದ್ದವರು.

ಪುಸ್ತಕದಲ್ಲಿ ಅವರ ಚಿತ್ರ ಇದೆ, ಇನ್ನೊಮ್ಮೆ ತೆಗೆದು ನೋಡಿ. 1867ರ ಏಪ್ರಿಲ್, ಹರ್ಷೆಲ್‌ಗೆ 75 ವರ್ಷ. ಕ್ಯಾಮರನ್ ತಮ್ಮ ಸರಂಜಾಮನ್ನೆಲ್ಲ ಹೊತ್ತುಕೊಂಡು ಕೆಂಟ್ ಪ್ರಾಂತ್ಯದ ಅವರ ಮನೆಗೇ ಹೋಗಿದ್ದರು. ಕೂದಲು ತೊಳೆದುಕೊಂಡು ಕೆದರಿಕೊಂಡು ಬನ್ನಿ ಎಂದು ಆ ಹಿರಿಯರಿಗೆ ಹೇಳಿದ್ದರೆಂಬ ಕಥೆಯಿದೆ. ಕೋಟು, ಕಾಲರು, ಕುರ್ಚಿ ಯಾವುದೂ ಕಾಣದು. ಮೈಗೆ ಕಪ್ಪು ಬಟ್ಟೆ ಹೊದಿಸಿ ಅದನ್ನೆಲ್ಲ ಅಳಿಸಿಬಿಟ್ಟಿದ್ದಾರೆ. ಹಿನ್ನೆಲೆಯೂ ಕಪ್ಪು. ಆ ಕಪ್ಪಿನ ನಡುವೆ ಮುಖ, ಅದರ ಸುತ್ತ ಬಿಳಿಗೂದಲು. ಕೊಲೋಡಿಯನ್‌ಗೆ ನೀಲಿ ಮಾತ್ರ ಚೆನ್ನಾಗಿ ತಾಗುತ್ತದೆ, ಕೆಂಪು ತಾಗುವುದೇ ಇಲ್ಲ. ಆದ್ದರಿಂದ ಚರ್ಮದ ಕೆಂಪು ಛಾಯೆಯೆಲ್ಲ ಕಪ್ಪಾಗಿ, ಹಣೆಯ ಒಂದೊಂದು ಗೆರೆಯೂ ಉಳುಮೆ ಮಾಡಿದ ಹಾಗೆ ಎದ್ದು ಬರುತ್ತದೆ. ಕಣ್ಣು ನೋಡಿ. ದೊಡ್ಡ ವಿಜ್ಞಾನಿ ಎಂಬ ಠೀವಿ ಅಲ್ಲಿಲ್ಲ. ಬಹಳ ನೋಡಿದ, ಸ್ವಲ್ಪ ದಣಿದ ಕಣ್ಣುಗಳು.

ಇದು ಎಷ್ಟು ಬೇರೆ ಎಂದು ತಿಳಿಯಬೇಕಾದರೆ ಆ ಕಾಲದ ಅಂಗಡಿ ಫೋಟೊಗಳನ್ನು ಪಕ್ಕಕ್ಕಿಟ್ಟು ನೋಡಬೇಕು. 1854ರಲ್ಲಿ ಪ್ಯಾರಿಸ್ಸಿನ ಡಿಸ್ಡೇರಿ ಎಂಬವರು ಒಂದೇ ಪ್ಲೇಟಿನಲ್ಲಿ ಹಲವು ಚಿತ್ರ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದರು. ಪ್ರಿಂಟನ್ನು ಕತ್ತರಿಸಿ ವಿಸಿಟಿಂಗ್ ಕಾರ್ಡಿನ ಅಳತೆಯ ರಟ್ಟಿಗೆ ಅಂಟಿಸಿದರೆ ಅಗ್ಗದ ಭಾವಚಿತ್ರ ಸಿದ್ಧ. ಯೂರೋಪು ಅಮೆರಿಕದ ಮಧ್ಯಮ ವರ್ಗವೆಲ್ಲ ಅದಕ್ಕೆ ಮುಗಿಬಿತ್ತು. ಪೂರ್ತಿ ಆಳು ಕಾಣಬೇಕು, ಕಾಲಿನ ಬೂಟೂ ಕಾಣಬೇಕು. ಪಕ್ಕದಲ್ಲಿ ರಟ್ಟಿನ ಕಂಬ, ಇಳಿಬಿಟ್ಟ ಪರದೆ, ಮೇಜಿನ ಮೇಲೆ ಪುಸ್ತಕ. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಕವೆ. ಮುಖ ಉಗುರಿನಷ್ಟು. ಅಂಥ ಚಿತ್ರದಲ್ಲಿ ನೋಡುವವರಿಗೆ ಮೊದಲು ಕಾಣುವುದು ಅಂತಸ್ತು. ನಮ್ಮ ಸ್ಟುಡಿಯೋದ ಮೆಟ್ಟಿಲು ಹೂಕುಂಡ ಬರೆದ ಪರದೆ ಆ ವಂಶದ್ದೇ, ಅಪ್ಪ.

ಕ್ಯಾಮರನ್ ಕಂಬ ಪರದೆಗಳನ್ನು ಕಿತ್ತುಹಾಕಿದರು. ನಾಲ್ಕೂ ಕಡೆಯಿಂದ ಸಮನಾಗಿ ಬೀಳುತ್ತಿದ್ದ ಬೆಳಕನ್ನು ಬಟ್ಟೆ ಕಟ್ಟಿ ತಡೆದು ಒಂದು ಕಡೆಯಿಂದ ಬಿಟ್ಟರು. ಉಳಿದದ್ದು ಮುಖ ಮತ್ತು ಕತ್ತಲು. ಏಳು ನಿಮಿಷ ಅದೇ ಭಂಗಿಯಲ್ಲಿ ಕೂತ ಮನುಷ್ಯ ಮೊದಲ ನಿಮಿಷದಲ್ಲಿ ಮುಖಕ್ಕೊಂದು ಗತ್ತು ತಂದುಕೊಂಡಿರಬಹುದು. ಏಳನೆಯ ನಿಮಿಷದ ತನಕ ಅದನ್ನು ಹಿಡಿದಿಡಲು ಯಾರಿಂದಲೂ ಆಗುವುದಿಲ್ಲ. ಗತ್ತು ಜಾರುತ್ತದೆ, ಮನಸ್ಸು ಎಲ್ಲಿಗೋ ಹೋಗುತ್ತದೆ, ತುಟಿ ಸಡಿಲುತ್ತದೆ, ಪ್ಲೇಟು ಇದೆಲ್ಲವನ್ನೂ ಒಂದರ ಮೇಲೊಂದು ಕುಡಿಯುತ್ತ ಕೂರುತ್ತದೆ. ನೀವು ಶೇಕ್ ಅನ್ನುವುದರಲ್ಲಿ ನನಗೆ ಕಾಣುವುದು ಈ ಹೊತ್ತು. ನೂರಿಪ್ಪತ್ತೈದನೇ ಒಂದು ಸೆಕೆಂಡಿನಲ್ಲಿ ತೆಗೆದ ಮುಖಕ್ಕೆ ಒಂದು ಭಾವವಿರುತ್ತದೆ. ಈ ಮುಖಗಳಲ್ಲಿ ಭಾವ ಬಂದು ಹೋದ ಜಾಡಿದೆ. ಅದಕ್ಕೇ ಅವು ಉಸಿರಾಡುತ್ತಿವೆ ಅನ್ನಿಸುವುದು. ನಿಜವಾಗಿ ಉಸಿರಾಡಿದ್ದೇ ಅಲ್ಲಿ ದಾಖಲಾಗಿದೆ.

ಕ್ಯಾಮರನ್ ಅವರ ತಂಗಿಯ ಮಗಳು ಜೂಲಿಯಾ ಜಾಕ್ಸನ್ ಹೀಗೆ ಕೂತ ಇನ್ನೊಬ್ಬರು. ಕಲ್ಕತ್ತೆಯಲ್ಲೇ ಹುಟ್ಟಿದವರು. 1867ರಲ್ಲಿ ಮದುವೆಗೆ ಸ್ವಲ್ಪ ಮೊದಲು ತೆಗೆದ ಚಿತ್ರದಲ್ಲಿ ಮುಖದ ಅರ್ಧ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ. ನೋಟ ನೇರ ನಮ್ಮ ಮೇಲೆ. ಒಡವೆಯಿಲ್ಲ, ನಗುವಿಲ್ಲ, ಮೆಚ್ಚಿಸುವ ಆಸೆಯೂ ಇಲ್ಲ. ಇನ್ನೊಂದರಲ್ಲಿ ಪಕ್ಕಕ್ಕೆ ತಿರುಗಿದ್ದಾರೆ, ಕತ್ತಿನ ನರ ಬಿಗಿದು ನಿಂತಿದೆ. ನಮ್ಮಲ್ಲಿ ಹುಡುಗನ ಕಡೆಯವರಿಗೆ ಕಳಿಸುವ ಫೋಟೊಗೆ ಹುಡುಗಿಯರು ಬರುತ್ತಿದ್ದರಲ್ಲ, ನೀವು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಅಂಥ ನರವನ್ನೆಲ್ಲ ಟಚಿಂಗ್‌ನಲ್ಲಿ ಅಳಿಸಿ ಕೊಡುತ್ತಿದ್ದಿರಿ. ಇಲ್ಲಿ ಆ ನರವೇ ಚಿತ್ರದ ಬೆನ್ನೆಲುಬು. ಈ ಜೂಲಿಯಾ ಮುಂದೆ ವರ್ಜೀನಿಯಾ ವುಲ್ಫ್ ಎಂಬ ದೊಡ್ಡ ಲೇಖಕಿಯ ತಾಯಿಯಾದರು. ಮಗಳಿಗೆ ಹದಿಮೂರು ವರ್ಷವಾಗಿದ್ದಾಗ ತೀರಿಕೊಂಡರು. 1926ರಲ್ಲಿ ಕ್ಯಾಮರನ್ ಚಿತ್ರಗಳ ಸಂಗ್ರಹವೊಂದನ್ನು ವುಲ್ಫ್ ತಮ್ಮ ಸ್ವಂತ ಮುದ್ರಣಾಲಯದಿಂದ ಹೊರತಂದರು.

ಆ ಕಾಲದ ಫೋಟೊಗ್ರಾಫರುಗಳೂ ನಿಮ್ಮ ಮಾತನ್ನೇ ಹೇಳಿದರು. ಫೋಕಸ್ ಇಲ್ಲ, ಕೆಲಸ ಕೊಳಕು, ಪ್ಲೇಟಿನ ಮೇಲೆ ಬೆರಳಚ್ಚು, ಗೀರು, ರಾಸಾಯನಿಕ ಹರಿದ ಕಲೆ. ಎಲ್ಲ ನಿಜವೇ. ಒಡೆದ ಪ್ಲೇಟಿನಿಂದಲೂ ಅವರು ಪ್ರಿಂಟ್ ತೆಗೆದಿದ್ದಾರೆ. ಆದರೆ ಇಲ್ಲಿಯ ಮ್ಯೂಸಿಯಂ, ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವುದು, 1865ರಲ್ಲೇ ಅವರ ಚಿತ್ರಗಳನ್ನು ಕೊಂಡಿತು, 1868ರಲ್ಲಿ ಸ್ಟುಡಿಯೋ ಮಾಡಿಕೊಳ್ಳಲು ಎರಡು ಕೋಣೆ ಬಿಟ್ಟುಕೊಟ್ಟಿತು. ಆ ಪ್ರಿಂಟುಗಳನ್ನು ಕಣ್ಣಾರೆ ನೋಡಿದೆ. ಕಪ್ಪು ಬಿಳುಪು ಅಲ್ಲವೇ ಅಲ್ಲ, ನೇರಳೆ ಬೆರೆತ ಕಂದು. ಮೊಟ್ಟೆಯ ಬಿಳಿ ಲೇಪಿಸಿದ ಕಾಗದ, ಬಿಸಿಲಿನಲ್ಲಿಟ್ಟು ತೆಗೆದ ಪ್ರಿಂಟು, ಮೇಲೆ ಚಿನ್ನದ ಲವಣದ ಟೋನಿಂಗ್. ನೀವು ಪಕ್ಕದಲ್ಲಿ ಇರಬೇಕಿತ್ತು ಅನ್ನಿಸಿತು.

ಇನ್ನು ಮುಳ್ಳಿನ ವಿಷಯ.

ಕ್ಯಾಮರನ್ ತೆಗೆದ ಹೆಸರಾಂತ ಗಂಡಸರು ತಮ್ಮ ತಮ್ಮ ಹೆಸರಿನಲ್ಲೇ ನಿಂತಿದ್ದಾರೆ: ಹರ್ಷೆಲ್, ಕಾರ್ಲೈಲ್, ಟೆನಿಸನ್, ಡಾರ್ವಿನ್. ತಂಗಿಯ ಮಗಳೂ ಬಹುಮಟ್ಟಿಗೆ ತಾನಾಗಿಯೇ ಇದ್ದಾಳೆ. ಆದರೆ ಮನೆಗೆಲಸದ ಮೇರಿ ಹಿಲಿಯರ್? ಅವಳ ಮುಖ ಈ ಸಂಗ್ರಹದಲ್ಲಿ ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಬೇರೆ ಯಾರೋ ಆಗಿ. ಒಮ್ಮೆ ಏಸುವಿನ ತಾಯಿ, ಒಮ್ಮೆ ಗ್ರೀಕ್ ಕವಯಿತ್ರಿ ಸಾಫೋ, ಒಮ್ಮೆ ಸಮಾಧಿಯ ಬಳಿಯ ದೇವದೂತ. ಊರಿನವರೂ ಅವಳನ್ನು ಮೇರಿ ಮಡೋನಾ ಎಂದೇ ಕರೆಯತೊಡಗಿದರಂತೆ. ಬೆಳಕು ಅವಳ ಮೇಲೂ ಅಷ್ಟೇ ಮಮತೆಯಿಂದ ಬಿದ್ದಿದೆ. ಹರ್ಷೆಲ್‌ಗೆ ಕೊಟ್ಟ ಅದೇ ಸಾಮೀಪ್ಯ, ಅದೇ ಕತ್ತಲು. ಚಿತ್ರದ ಒಳಗೆ ಒಡತಿ ಆಳು ಎಂಬ ಭೇದವಿಲ್ಲ. ಭೇದ ಇರುವುದು ಚಿತ್ರದ ಕೆಳಗೆ, ಶೀರ್ಷಿಕೆ ಬರೆದಿರುವ ಜಾಗದಲ್ಲಿ.

ಮೇರಿ ರಯನ್ ಎಂಬ ಇನ್ನೊಬ್ಬಳಿದ್ದಳು, ಭಿಕ್ಷೆ ಬೇಡುತ್ತಿದ್ದ ಐರಿಷ್ ಹೆಂಗಸೊಬ್ಬಳ ಮಗಳು; ಕ್ಯಾಮರನ್ ತಮ್ಮ ಮನೆಯಲ್ಲಿಟ್ಟು ಬೆಳೆಸಿದರು. ಲಂಡನ್ನಿನ ಪ್ರದರ್ಶನವೊಂದರಲ್ಲಿ ಹೆನ್ರಿ ಕಾಟನ್ ಎಂಬ ಯುವಕ ಅವಳನ್ನು ಕಂಡು ಮನಸೋತು, 1867ರಲ್ಲಿ ಮದುವೆಯಾದ. ಅವರೇ ನಮ್ಮ ಸರ್ ಹೆನ್ರಿ ಕಾಟನ್, ಅಸ್ಸಾಮಿನ ಚೀಫ್ ಕಮಿಷನರ್ ಆಗಿದ್ದವರು, 1904ರ ಮುಂಬಯಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು. ಮೇರಿ ರಯನ್‌ಗೆ ಹಾಗೆ ಒಂದು ಹೊರದಾರಿ ಸಿಕ್ಕಿತು.

1875ರಲ್ಲಿ ಕ್ಯಾಮರನ್ ದಂಪತಿ ಸಿಲೋನಿಗೆ ಹೋಗಿ ನೆಲೆಸಿದರು. ಅಲ್ಲೇ 1879ರಲ್ಲಿ ಆಕೆ ತೀರಿಕೊಂಡರು. ಕಲುತರ ಎಂಬಲ್ಲಿ ತೋಟದ ತಮಿಳು ಕೂಲಿಗಳನ್ನು, ಹಳ್ಳಿಯವರನ್ನು ತೆಗೆದ ಕೆಲವು ಚಿತ್ರಗಳು ಉಳಿದಿವೆ. ಅಲ್ಲಿ ಹೆಸರುಗಳೇ ಇಲ್ಲ. ರೈತರ ಗುಂಪು, ಅಷ್ಟೆ. ಒಂದರ ಕೆಳಗೆ, ಹುಡುಗಿಗೆ ಹನ್ನೆರಡು ವರ್ಷ, ಮುದುಕ ತಾನು ಅವಳ ತಂದೆ ಎನ್ನುತ್ತಾನೆ, ತನಗೆ ನೂರು ವರ್ಷ ಎನ್ನುತ್ತಾನೆ ಎಂದು ಬರೆದಿದ್ದಾರೆ. ವಯಸ್ಸು ಕೇಳಿ ಬರೆದುಕೊಂಡವರಿಗೆ ಹೆಸರು ಕೇಳಿ ಬರೆದಿಡಬೇಕೆನ್ನಿಸಲಿಲ್ಲ. ಹರ್ಷೆಲ್‌ರ ಹಣೆಯ ಗೆರೆಗಳನ್ನು ಅಷ್ಟು ಭಕ್ತಿಯಿಂದ ಕಂಡ ಕಣ್ಣೇ ಇದೂ. ನನಗೆ ಇದು ನೋವು ಕೊಡುತ್ತದೆ, ಅವರನ್ನು ಅಷ್ಟು ಪ್ರೀತಿಸುವುದರಿಂದಲೇ ಹೆಚ್ಚು ಕೊಡುತ್ತದೆ.

ಅದೇ ಕಾಲದ ಇನ್ನೊಂದು ಚಿತ್ರ ನನ್ನ ಮನಸ್ಸಿನಲ್ಲಿ ಸದಾ ಇದರ ಜೊತೆ ನಿಲ್ಲುತ್ತದೆ. ಅಮೆರಿಕದ ಸೊಜರ್ನರ್ ಟ್ರೂತ್. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿ, ಬಿಡಿಸಿಕೊಂಡು ಬಂದು, ಊರೂರು ಸುತ್ತಿ ಭಾಷಣ ಮಾಡಿದ ತಾಯಿ. ಓದು ಬರಹ ಬರುತ್ತಿರಲಿಲ್ಲ. 1864ರಲ್ಲಿ ಆಕೆ ತೆಗೆಸಿಕೊಂಡ ಚಿತ್ರ ನೀವು ತೆಗೆಯುತ್ತಿದ್ದಂಥದ್ದೇ: ಚಿಕ್ಕ ಕಾರ್ಡು, ಪಕ್ಕದಲ್ಲಿ ಮೇಜು, ಅದರ ಮೇಲೆ ಪುಸ್ತಕ ಮತ್ತು ಹೂವು, ಕಣ್ಣಿಗೆ ಕನ್ನಡಕ, ಹೆಗಲಿಗೆ ಶಾಲು, ಕೈಯಲ್ಲಿ ಹೆಣಿಗೆಯ ನೂಲು. ಎಲ್ಲವೂ ಶಾರ್ಪ್. ಆ ಕಾರ್ಡುಗಳನ್ನು ಮಾರಿ ಆಕೆ ತನ್ನ ಖರ್ಚು ನಡೆಸಿದಳು, ನೆರಳನ್ನು ಮಾರಿ ಅಸಲನ್ನು ಸಾಕುತ್ತಿದ್ದೇನೆ ಎಂಬ ಅರ್ಥದ ಸಾಲನ್ನು ಅದರ ಕೆಳಗೆ ಅಚ್ಚು ಹಾಕಿಸಿದಳು, ಹಕ್ಕುಸ್ವಾಮ್ಯವನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿದಳು. ತೆಗೆದವರ ಹೆಸರಿನಲ್ಲಲ್ಲ, ಕೂತವಳ ಹೆಸರಿನಲ್ಲಿ! ಒಮ್ಮೆ ಮಾರಾಟದ ಸರಕಾಗಿದ್ದವಳಿಗೆ ಆ ಮೇಜು, ಹೂವು, ನೂಲು ಆಡಂಬರವಲ್ಲ. ನಾನು ಹೀಗೆ ಕಾಣಬೇಕು ಎಂದು ತಾನೇ ಮಾಡಿದ ತೀರ್ಮಾನ. ಕ್ಯಾಮರನ್ ಕಿತ್ತೆಸೆದ ಸಾಮಾನುಗಳಲ್ಲಿ ಇಂಥ ಹಕ್ಕೂ ಸೇರಿತ್ತು ಎಂದು ನನಗೆ ಈ ಚಿತ್ರ ನೋಡಿದ ಮೇಲೆ ಹೊಳೆಯಿತು. ಮುಖದ ಒಳಗನ್ನು ತೋರಿಸುವ ಅವರ ಕತ್ತಲಿನಲ್ಲಿ, ಕೂತವರು ಏನು ಹೇಳಬೇಕೆಂದಿದ್ದರೋ ಅದಕ್ಕೆ ಜಾಗವಿರಲಿಲ್ಲ.

ನಮ್ಮ ಸ್ಟುಡಿಯೋದ ಮೊಳೆಗೆ ತೂಗುಹಾಕಿದ್ದ ಆ ಕಪ್ಪು ಕೋಟು ನೆನಪಿದೆಯೇ? ಅಡಿಕೆ ಕೊಯ್ಲಿಗೆ ಬಂದವರು, ಬಸ್ ಸ್ಟ್ಯಾಂಡಿನ ಹಮಾಲರು, ಕಾಲೇಜು ಹುಡುಗರು, ಎಲ್ಲರೂ ಅದನ್ನೇ ಹಾಕಿಕೊಂಡು ಕೂರುತ್ತಿದ್ದರು. ನಿಮ್ಮ ಕೈಗಡಿಯಾರ ಬಿಚ್ಚಿ ಕೊಟ್ಟದ್ದನ್ನೂ ನೋಡಿದ್ದೇನೆ. ಹೆಂಗಸೊಬ್ಬಳು ರೇಡಿಯೋ ಪಕ್ಕ ನಿಂತು ತೆಗೆಸಿಕೊಳ್ಳಬೇಕು ಎಂದಾಗ ಮನೆಗೆ ಆಳು ಕಳಿಸಿ ರೇಡಿಯೋ ತರಿಸಿದಿರಿ. ಅವರಿಗೆ ಹೇಗೆ ಬೇಕೋ ಹಾಗೆ ಕೂರಲಿ, ಬೆಳಕು ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದಿರಿ. ತೋಟದ ಆಳಾಗಲಿ ಯಜಮಾನರಾಗಲಿ, ನೆಗೆಟಿವ್ ಕವರಿನ ಮೇಲೆ ನಿಮ್ಮ ದುಂಡನೆಯ ಅಕ್ಷರದಲ್ಲಿ ಹೆಸರು, ಊರು, ತಾರೀಕು. ಕೂಲಿ ಹೆಂಗಸು ಅಂತಲೋ ಮುದುಕ ಅಂತಲೋ ಬರೆದ ಕವರು ಒಂದನ್ನೂ ನಾನು ಕಂಡಿಲ್ಲ.

ಅದಕ್ಕೇ, ಅಟ್ಟದ ನೆಗೆಟಿವ್ ಪೆಟ್ಟಿಗೆಗಳನ್ನೆಲ್ಲ ಗುಜರಿಯವನಿಗೆ ಹಾಕುವ ಯೋಚನೆ ನಡೆದಿದೆ ಎಂದು ಅಮ್ಮ ಹೇಳಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾರಿಗೆ ಬೇಕು ಇವೆಲ್ಲ ಎಂದು ನೀವು ಕೇಳುತ್ತೀರಿ. ನನಗೆ ಬೇಕು ಅಪ್ಪ. ಆ ಹೆಸರಿನವರ ಮೊಮ್ಮಕ್ಕಳಿಗೂ ಬೇಕಾದೀತು. ಎಷ್ಟೋ ಮನೆಗಳಲ್ಲಿ ಅಜ್ಜಿಯದು ಅಂತ ಇರುವುದು ನಿಮ್ಮ ಸ್ಟುಡಿಯೋದ ಒಂದೇ ಫೋಟೊ. ಮಳೆಗಾಲಕ್ಕೆ ಮೊದಲೇ ಪೆಟ್ಟಿಗೆಗಳನ್ನು ಕೆಳಗಿಳಿಸಿ, ತಂಪಾದ, ತೇವವಿಲ್ಲದ ಒಳಕೋಣೆಯಲ್ಲಿ ಗೋಡೆಗೆ ತಾಗದಂತೆ ಇಡಿಸಿ. ಬೂಸ್ಟು ಹಿಡಿದಿದ್ದರೆ ಒರೆಸಲು ಹೋಗಬೇಡಿ, ಹಾಗೇ ಬಿಡಿ. ಕವರು ಹರಿದಿದ್ದರೂ ಬಿಸಾಡಬೇಡಿ, ಹೆಸರಿರುವುದು ಅದರ ಮೇಲೆ. ದೀಪಾವಳಿಗೆ ಬಂದಾಗ ನಾನೇ ಕೂತು ಒಂದೊಂದನ್ನೂ ಬೆಳಕಿಗೆ ಹಿಡಿದು ಪಟ್ಟಿ ಮಾಡುತ್ತೇನೆ. ಮುಖ ನೋಡಿ ಕಥೆ ಹೇಳಲು ನೀವು ಪಕ್ಕದಲ್ಲಿರಬೇಕು.

ಅಷ್ಟರೊಳಗೆ ನನಗೊಂದು ಕೆಲಸ ಮಾಡಿಕೊಡಿ. ಪುಸ್ತಕದಲ್ಲಿ ಕಾರ್ಲೈಲ್ ಅವರ ಚಿತ್ರವಿದೆ, ಅದೂ 1867ರದು, ಎಲ್ಲಕ್ಕಿಂತ ಹೆಚ್ಚು ಮಸುಕಾದದ್ದು. ಅರ್ಧ ಕೆತ್ತಿದ ಕಲ್ಲಿನ ತಲೆಯಂತೆ ಕಾಣುತ್ತದೆ, ಕ್ಯಾಮರನ್ ಅವರೂ ಅದನ್ನು ಮೈಕೆಲೇಂಜಲೋನ ಒರಟು ಶಿಲ್ಪಕ್ಕೆ ಹೋಲಿಸಿದ್ದರು. ಟಚಿಂಗ್‌ಗೆ ಇಟ್ಟುಕೊಂಡಿದ್ದ ಭೂತಗನ್ನಡಿ ಹಿಡಿದು ಅದನ್ನು ನಿಧಾನವಾಗಿ ನೋಡಿ. ತಲೆ ಅಲುಗಿದ್ದರಿಂದ ಆದ ಮಸುಕು ಎಷ್ಟು, ಫೋಕಸ್ ಬಿಟ್ಟಿದ್ದರಿಂದ ಆದದ್ದು ಎಷ್ಟು ಎಂದು ಬೇರ್ಪಡಿಸಿ ಹೇಳಬಲ್ಲವರು ನನಗೆ ಗೊತ್ತಿರುವವರಲ್ಲಿ ನೀವೊಬ್ಬರೇ. ಬೆಳಕು ಮೇಲಿನಿಂದ ಬಂದಿದೆಯೋ ಪಕ್ಕದಿಂದಲೋ ಅದನ್ನೂ ಬರೆಯಿರಿ.

ಅಮ್ಮನಿಗೆ ನಮಸ್ಕಾರ ತಿಳಿಸಿ. ಉಪ್ಪಿನಕಾಯಿ ಮುಗಿದಿದೆ ಎಂದೂ ಹೇಳಿ.

ಇತಿ,
ನಿಮ್ಮ ಪ್ರೀತಿಯ ಮಗಳು